ಕೋಳಿಗೊಂದು ಹೊತ್ತು, ತರಕಾರಿಗೊಂದು ಹೊತ್ತು: ತಿಪಟೂರು ಕಡೆಯ ಒಂದು ಹಿತ್ತಲಿನ ಪ್ರಕರಣ

ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಅಕ್ಕನ ಮನೆ ಇದೆ. ಮನೆ ಹಿಂದೆ ಸುಮಾರು 60 ಅಡಿ ಉದ್ದ, 30 ಅಡಿ ಅಗಲದ ಹಿತ್ತಲು. ಅಕ್ಕನ ಅತ್ತೆ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದಲೂ ಅಲ್ಲಿ ತರಕಾರಿ ಬೆಳೆಯುತ್ತಿದ್ದಾರೆ. ಬದನೆ, ಮೆಣಸಿನಕಾಯಿ, ಹೀರೆ, ಹಾಗಲ, ಅವರೆ, ದಂಟು, ಮೆಂತ್ಯ, ಕೊತ್ತಂಬರಿ. ಸಂತೆಯಿಂದ ತರುವುದು ಈರುಳ್ಳಿ, ಆಲೂಗಡ್ಡೆ ಅಷ್ಟೇ. ಮೂರು ವರ್ಷದ ಹಿಂದೆ ಭಾವ ಅದೇ ಹಿತ್ತಲಿಗೆ ಕೋಳಿ ತಂದರು. ಸ್ವರ್ಣಧಾರಾ ತಳಿಯವು ಆರು, ಮೂರು ನಾಟಿ ಹೇಂಟೆ, ಒಂದು ಹುಂಜ. ಒಟ್ಟು ಹತ್ತು.

ಕೋಳಿ ಮತ್ತು ತರಕಾರಿ ಒಟ್ಟಿಗೆ ಇಟ್ಟರೆ ಮೂರು ಲಾಭ ಅಂತ ಎಲ್ಲರೂ ಹೇಳುತ್ತಾರೆ. ಕೋಳಿ ಹುಳ ತಿನ್ನುತ್ತದೆ, ಗೊಬ್ಬರ ಕೊಡುತ್ತದೆ, ಮೊಟ್ಟೆ ಇಡುತ್ತದೆ. ಮೂರೂ ನಿಜ. ಆದರೆ ಯಾವಾಗ, ಎಲ್ಲಿ ಅನ್ನುವುದನ್ನು ಹೇಳುವವರು ಕಡಿಮೆ. ಈ ಹಿತ್ತಲಲ್ಲಿ ಮೊದಲ ವರ್ಷ ಕೆಟ್ಟದ್ದಕ್ಕೂ, ಆಮೇಲೆ ಸರಿಹೋದದ್ದಕ್ಕೂ ಕಾರಣ ಅಲ್ಲೇ ಇದೆ. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲ ಮಳೆಗಾಲ

ಮೊದಲು ತಳಿಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಹಿತ್ತಲ ಕೋಳಿ ಅಂದರೆ ಈಗ ಬರೀ ನಾಟಿ ಅಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ 1989ರಲ್ಲಿ ಬಂತು. ಆಮೇಲೆ 2005ರಲ್ಲಿ ಸ್ವರ್ಣಧಾರಾ. ಚೆನ್ನಾಗಿ ನೋಡಿಕೊಂಡರೆ ಸ್ವರ್ಣಧಾರಾ ವರ್ಷಕ್ಕೆ 180ರ ಆಸುಪಾಸು ಮೊಟ್ಟೆ ಇಡುತ್ತದೆ. ನಾಟಿ ಕೋಳಿ ಅದರ ಅರ್ಧವನ್ನೂ ಮುಟ್ಟುವುದು ಕಷ್ಟ, ಆದರೆ ಕಾವಿಗೆ ಕೂತು ಮರಿ ಮಾಡುತ್ತದೆ. ಸ್ವರ್ಣಧಾರಾಕ್ಕೆ ಕಾವಿನ ಗುಣ ಇಲ್ಲವೇ ಇಲ್ಲ ಎನ್ನಬಹುದು. ಭಾವ ಎರಡನ್ನೂ ಸೇರಿಸಿ ತಂದದ್ದು ಒಳ್ಳೆಯ ಲೆಕ್ಕಾಚಾರವೇ. ಒಂದು ಮೊಟ್ಟೆಗೆ, ಇನ್ನೊಂದು ಮರಿಗೆ.

ತಂದ ಮೇಲೆ ಊರಿನ ಪದ್ಧತಿಯಂತೆ ಬೆಳಿಗ್ಗೆ ಬಿಡುವುದು, ಸಂಜೆ ಮಂಕರಿ ಮುಚ್ಚುವುದು. ಜೂನ್ ತಿಂಗಳು. ಅತ್ತೆ ಆಗಷ್ಟೇ ಮೆಂತ್ಯ ಬಿತ್ತಿ, ಮೆಣಸಿನ ಸಸಿ ನಾಟಿ ಮಾಡಿದ್ದರು.

ಕೋಳಿ ಕೆದರುವುದನ್ನು ಹತ್ತಿರ ಕೂತು ನೋಡಬೇಕು. ಒಂದು ಕಾಲಿನಿಂದ ಹಿಂದಕ್ಕೆ ಎಳೆಯುತ್ತದೆ, ಇನ್ನೊಂದು ಕಾಲಿನಿಂದ ಮತ್ತೆ ಎಳೆಯುತ್ತದೆ. ಅರ್ಧ ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ಒಂದೇ ಕಣ್ಣಲ್ಲಿ ಮಣ್ಣನ್ನು ನೋಡುತ್ತದೆ. ಏನಾದರೂ ಅಲುಗಿದರೆ ಕೊಕ್ಕು ಇಳಿಯುತ್ತದೆ. ಏನೂ ಇಲ್ಲದಿದ್ದರೆ ಮತ್ತೆ ಶುರು. ಗಟ್ಟಿ ನೆಲಕ್ಕೆ ಅದು ಹೋಗುವುದಿಲ್ಲ. ಎಲ್ಲಿ ಮಣ್ಣು ಮೃದುವಾಗಿ, ತೇವವಾಗಿ, ಗೊಬ್ಬರ ಬೆರೆತು ಇರುತ್ತದೋ ಅಲ್ಲಿಗೇ ಹೋಗುತ್ತದೆ. ಅಂದರೆ ಅತ್ತೆ ಹಸನು ಮಾಡಿದ ಮಡಿಗೇ.

ಮೆಂತ್ಯದ ಮಡಿ ಒಂದೇ ಬೆಳಿಗ್ಗೆಯಲ್ಲಿ ಹೋಯಿತು. ಮೆಣಸಿನ ಸಸಿಗಳನ್ನು ಕೋಳಿಗಳು ಬೇಕೆಂದು ಕಿತ್ತದ್ದಲ್ಲ. ಬುಡ ಕೆದರಿದಾಗ ಸಸಿ ತಾನಾಗಿ ಮಗುಚಿಕೊಂಡಿತು. ಉಳಿದ ಗಿಡಗಳಲ್ಲಿ ಕಾಯಿ ಬಿಟ್ಟಾಗ ಅದನ್ನೂ ತಿಂದವು. ಮೆಣಸಿನಕಾಯಿಯ ಖಾರ ನಮಗೆ, ದನಕ್ಕೆ, ಇಲಿಗೆ ಮಾತ್ರ. ಹಕ್ಕಿಗಳಿಗೆ ಆ ಖಾರ ನಾಟುವುದೇ ಇಲ್ಲ. ಟೊಮೆಟೊ ಕೆಂಪಾಗುವ ತನಕ ಸುಮ್ಮನಿದ್ದು, ಕೆಂಪಾದ ದಿನ ಕುಕ್ಕುತ್ತಿದ್ದವು.

ಅತ್ತೆ ಅಕ್ಕನನ್ನು ಕರೆದು ಹೇಳಿದ್ದು ಇಷ್ಟು: “ನಿನ್ ಗಂಡಂಗೆ ಹೇಳಮ್ಮ. ಕೋಳಿ ಬೇಕಾ, ಸೊಪ್ಪು ಬೇಕಾ, ಒಂದು ತೀರ್ಮಾನ ಮಾಡ್ಲಿ.”

ಭಾವ ಕೋಳಿಗಳನ್ನು ಗೂಡಿನಲ್ಲಿ ಕೂಡಿಹಾಕಿದರು. 6 ಅಡಿಗೆ 4 ಅಡಿ ಗೂಡು. ರಾತ್ರಿ ಮಲಗಲು ಹತ್ತು ಕೋಳಿಗೆ ಅದು ಸಾಕು. ಹಗಲೂ ಅಲ್ಲೇ ಇರಬೇಕೆಂದರೆ ಕಷ್ಟ. ವಾಸನೆ ಎದ್ದಿತು, ನೊಣ ಬಂತು. ಒಂದರ ಗರಿ ಇನ್ನೊಂದು ಕೀಳತೊಡಗಿತು. ಮೇವಿನ ಖರ್ಚು ಜಾಸ್ತಿಯಾಯಿತು, ಮೊಟ್ಟೆ ಕಡಿಮೆಯಾಯಿತು. ಗೂಡಿನಿಂದ ಕೆರೆದ ಹಸಿ ಹಿಕ್ಕೆಯನ್ನು ಭಾವ ನೇರವಾಗಿ ಬದನೆ ಬುಡಕ್ಕೆ ಹಾಕಿದರು. ವಾರದಲ್ಲಿ ಎಲೆಯ ಅಂಚು ಸುಟ್ಟಂತಾಗಿ ಗಿಡಗಳು ಬಾಡಿದವು.

ಹಸು ಸಗಣಿಯ ಅಭ್ಯಾಸದ ಕೈಗೆ ಇದು ಅರ್ಥವಾಗುವುದು ತಡ. ಕೋಳಿ ಉಚ್ಚೆ ಬೇರೆ, ಹಿಕ್ಕೆ ಬೇರೆ ಮಾಡುವುದಿಲ್ಲ. ಹಿಕ್ಕೆಯ ಮೇಲೆ ಕಾಣುವ ಬಿಳಿ ಭಾಗವೇ ಅದರ ಉಚ್ಚೆ, ಯೂರಿಕ್ ಆಮ್ಲದ ರೂಪದಲ್ಲಿ. ಅದು ಬೇಗ ಅಮೋನಿಯಾ ಆಗುತ್ತದೆ. ಕೋಳಿ ಹಿಕ್ಕೆಯಲ್ಲಿ ಸಾರಜನಕ ಸಗಣಿಗಿಂತ ತುಂಬಾ ಜಾಸ್ತಿ. ಅಷ್ಟು ಸಾರಜನಕ ಒಂದೇ ಸಲ ಬೇರಿಗೆ ಸಿಕ್ಕರೆ ಗಿಡ ಸುಡುತ್ತದೆ. ಹಾಗಾಗಿ ಅದೇ ವಸ್ತು ಕಳಿತರೆ ಬಂಗಾರ, ಕಳಿಯದಿದ್ದರೆ ಬೆಂಕಿ.

ತೊಂದರೆ ಎಲ್ಲಿತ್ತು

ನಾನು ಹೋದಾಗ ಮನೆಯಲ್ಲಿ ಕೋಳಿ ಮಾರಿಬಿಡುವ ಮಾತು ನಡೆಯುತ್ತಿತ್ತು. ಅಕ್ಕನಿಗೆ ಮಾತ್ರ ಮನಸ್ಸಿರಲಿಲ್ಲ. ಮಕ್ಕಳಿಗೆ ದಿನಾ ಮೊಟ್ಟೆ ಸಿಗುತ್ತದೆ ಅನ್ನುವುದು ಅವಳಿಗೆ ದೊಡ್ಡ ವಿಷಯ. ಮೂವರನ್ನೂ ಕೂರಿಸಿಕೊಂಡು ಮಾತಾಡಿದೆವು.

ನನಗೆ ಕಂಡದ್ದು ಹೀಗೆ. ತರಕಾರಿಗೆ ಕೋಳಿಯಿಂದ ಬೇಕಾದದ್ದು ಎರಡು: ಮಣ್ಣಿನಲ್ಲಿರುವ ಹುಳ ಹೋಗಬೇಕು, ಗೊಬ್ಬರ ಬರಬೇಕು. ಈ ಎರಡಕ್ಕೂ ಗಿಡ ಮಡಿಯಲ್ಲಿ ಇರಲೇಬೇಕೆಂದಿಲ್ಲ. ಬೆಳೆ ಕಿತ್ತ ಮೇಲೆ ಕೋಳಿ ಅದೇ ಕೆಲಸ ಇನ್ನೂ ಚೆನ್ನಾಗಿ ಮಾಡುತ್ತದೆ. ಉಳಿದ ಬೇರು, ಕಳೆ ಬೀಜ, ಕೋಶದಲ್ಲಿ ಅವಿತ ಹುಳ, ಬಸವನಹುಳ, ಗೊಣ್ಣೆಹುಳ, ಗೆದ್ದಲು ಎಲ್ಲವನ್ನೂ ಆರಿಸುತ್ತದೆ. ಬೆಳೆ ಇರುವಾಗ ಬಂದರೆ ಅದು ಮಾಡುವ ಒಳ್ಳೆಯದಕ್ಕಿಂತ ಹಾಳೇ ಜಾಸ್ತಿ. ಎಲೆಯ ಕೆಳಗಿನ ಹೇನು, ಬಿಳಿನೊಣ ಅದಕ್ಕೆ ಸಿಗುವುದಿಲ್ಲ. ಬದನೆಕಾಯಿಯೊಳಗೆ ಸೇರಿದ ಹುಳವೂ ಸಿಗುವುದಿಲ್ಲ. ಹಾಗಾಗಿ ಬೆಳೆಯ ನಡುವೆ ಕೋಳಿ ಬಿಟ್ಟು ಕೀಟ ನಿಯಂತ್ರಣ ಮಾಡುತ್ತೇನೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಜಾಗ ಒಂದೇ ಇರಲಿ, ಹೊತ್ತು ಬೇರೆ ಇರಲಿ. ಹೊತ್ತು ಬೇರೆ ಮಾಡಲಾಗದ ಕಡೆ ಎತ್ತರ ಬೇರೆ ಮಾಡೋಣ. ಇಡೀ ಬದಲಾವಣೆ ಈ ಎರಡು ಮಾತಿನ ಮೇಲೆ ನಿಂತಿದೆ.

ಹಿತ್ತಲನ್ನು ಹಂಚಿದ ರೀತಿ

ಅಡಿಗೆಮನೆ ಬಾಗಿಲ ಪಕ್ಕದ ಪಟ್ಟಿ ಸೊಪ್ಪಿಗೆ. ಮೆಂತ್ಯ, ಕೊತ್ತಂಬರಿ, ಪುದೀನ, ದಂಟು. ಇಲ್ಲಿಗೆ ಕೋಳಿ ವರ್ಷಪೂರ್ತಿ ಬರುವಂತಿಲ್ಲ. ಇದು ಅತ್ತೆಯ ಷರತ್ತು. ನಾನೂ ಅದರ ಪರವಾಗಿಯೇ ಇದ್ದೆ. ಕೊತ್ತಂಬರಿ ಸೊಪ್ಪನ್ನು ನಾವು ಕೋಸಂಬರಿಗೆ, ಮಜ್ಜಿಗೆಗೆ ಹಸಿಯಾಗಿಯೇ ಹಾಕುತ್ತೇವೆ. ಕೋಳಿ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ತರಹದ ಬ್ಯಾಕ್ಟೀರಿಯಾ ಇರಬಹುದು. ಕೋಳಿ ಆರೋಗ್ಯವಾಗಿ ಕಂಡರೂ ಇರಬಹುದು. ತೊಳೆದರೆ ಹೋಗುತ್ತದೆ ಎಂದು ನಂಬುವಂತಿಲ್ಲ.

ಹಿತ್ತಲಿನ ಕೊನೆಯ ಪಟ್ಟಿ ಮರಗಳಿಗೆ. ಅಲ್ಲಿ ಮೊದಲೇ ಎರಡು ತೆಂಗು, ಒಂದು ನುಗ್ಗೆ, ಕರಿಬೇವು, ಪರಂಗಿ, ಬಚ್ಚಲ ನೀರು ಹರಿಯುವಲ್ಲಿ ಬಾಳೆ ಇದ್ದವು. ಬೆಳೆದ ಮರಕ್ಕೆ ಕೋಳಿಯಿಂದ ತೊಂದರೆ ಇಲ್ಲ. ಬಾಳೆ ಮತ್ತು ಪರಂಗಿಯ ಬುಡಕ್ಕೆ ಮಾತ್ರ ಸುತ್ತ ಕಲ್ಲು ಜೋಡಿಸಿದೆವು, ಬೇರು ಕೆದರಬಾರದು ಅಂತ. ನುಗ್ಗೆ ಮರದ ಕೆಳಗೆ ಒಲೆ ಬೂದಿ ಬೆರೆಸಿದ ಒಣ ಮಣ್ಣಿನ ಗುಂಡಿ ಇದೆ. ಮಧ್ಯಾಹ್ನ ಅಲ್ಲಿ ಹೊರಳಾಡುತ್ತವೆ. ಗರಿಯೊಳಗಿನ ಹೇನು ಕಳೆದುಕೊಳ್ಳಲು ಕೋಳಿಗೆ ಈ ಮಣ್ಣಿನ ಸ್ನಾನ ಬೇಕೇ ಬೇಕು. ಅದಕ್ಕೊಂದು ಜಾಗ ಕೊಡದಿದ್ದರೆ ಅದು ತರಕಾರಿ ಮಡಿಯನ್ನೇ ಹುಡುಕುತ್ತದೆ.

ನಡುವಿನ ದೊಡ್ಡ ಭಾಗ ಎರಡಾಯಿತು. ಮೂಡಲ ಮಡಿ, ಪಡುವಲ ಮಡಿ. ಎರಡರ ನಡುವೆ ಗೂಡು, ಗೂಡಿಗೆ ಎರಡು ಕಡೆಯೂ ಬಾಗಿಲು, ಮರದ ಪಟ್ಟಿಯ ಕಡೆಗೆ ಮೂರನೆಯದು. ಯಾವ ಬಾಗಿಲು ತೆರೆಯುತ್ತದೋ ಕೋಳಿ ಆ ಕಡೆ. ಬೇರೆ ಕೆಲಸವೇ ಇಲ್ಲ. ಐದಡಿ ಎತ್ತರದ ನೈಲಾನ್ ಬಲೆಯನ್ನು ಬಿದಿರು ಗೂಟಕ್ಕೆ ಕಟ್ಟಿದರು. ಸ್ವರ್ಣಧಾರಾ ಭಾರದ ಕೋಳಿ, ಐದಡಿ ಹಾರುವುದಿಲ್ಲ. ನಾಟಿ ಮೂರೂ ಮೊದಲ ದಿನವೇ ದಾಟಿದವು. ಅವುಗಳ ಒಂದೇ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಯಲ್ಲಿ ಕತ್ತರಿಸಿದೆವು. ಒಂದೇ ಕಡೆ ಕತ್ತರಿಸಬೇಕು, ಎರಡೂ ಕಡೆ ಅಲ್ಲ. ಆಗ ಹಾರಲು ಹೋದರೆ ತೂಕ ತಪ್ಪುತ್ತದೆ. ನೋವಾಗುವುದಿಲ್ಲ. ಆದರೆ ಹೊಸದಾಗಿ ಬೆಳೆಯುತ್ತಿರುವ, ಬುಡದಲ್ಲಿ ರಕ್ತ ಕಾಣುವ ಗರಿ ಮುಟ್ಟಬಾರದು. ಗರಿ ಉದುರಿ ಹೊಸದು ಬಂದಾಗ ಮತ್ತೆ ಕತ್ತರಿಸಬೇಕು.

ಗೂಡಿಗೆ ಸುತ್ತ ಮಾಮೂಲಿ ಕೋಳಿ ಬಲೆ ಸಾಲದು. ಅದು ಕೋಳಿಯನ್ನು ಒಳಗೆ ಇಡುತ್ತದೆ, ಮುಂಗುಸಿಯನ್ನು ಹೊರಗೆ ಇಡುವುದಿಲ್ಲ. ಸಣ್ಣ ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ) ಹಾಕಿ, ಬುಡದಲ್ಲಿ ಒಂದಡಿ ಮಣ್ಣೊಳಗೆ ಹೂತರು.

ತಿಂಗಳ ಲೆಕ್ಕ

ಅವರೆ ಮುಗಿಯುವುದು ಜನವರಿಯಲ್ಲಿ. ಫೆಬ್ರವರಿಯಿಂದ ಏಪ್ರಿಲ್ ಕೊನೆಯ ತನಕ ಕೋಳಿ ಮೂಡಲ ಮಡಿಯಲ್ಲಿ. ಅವರೆ ಬಳ್ಳಿ, ಒಣಗಿದ ಬದನೆ ಗಿಡ ಎಲ್ಲಾ ಅಲ್ಲೇ ಬಿಟ್ಟು, ಮೇಲೆ ತೆಂಗಿನ ಗರಿಯ ಒಣ ಎಲೆ, ನುಗ್ಗೆ ತರಗು ಹರಡುತ್ತಾರೆ. ಕೋಳಿಗಳು ಅದನ್ನು ದಿನವೆಲ್ಲಾ ಕೆದರಿ ನುಣ್ಣಗೆ ಮಾಡುತ್ತವೆ. ಈ ತರಗು ಮುಖ್ಯ. ಇಲ್ಲದಿದ್ದರೆ ನೆಲ ಬೋಳಾಗಿ, ಕಾಲ್ತುಳಿತಕ್ಕೆ ಗಟ್ಟಿಯಾಗುತ್ತದೆ. ಎರೆಹುಳುಗಳನ್ನೂ ಕೋಳಿ ಬಿಡುವುದಿಲ್ಲ. ತರಗು ದಪ್ಪ ಇದ್ದರೆ ಒಂದಷ್ಟು ಎರೆಹುಳು ಕೆಳಗೆ ಬದುಕುತ್ತವೆ. ಅದಕ್ಕೇ ಒಂದೇ ಕಡೆ ಮೂರು ತಿಂಗಳ ಮೇಲೆ ಬಿಡಬಾರದು ಅಂತ ಮಾಡಿಕೊಂಡಿದ್ದಾರೆ.

ಏಪ್ರಿಲ್ ಮುಗಿದ ಮೇಲೆ ಆ ಬಾಗಿಲು ಮುಚ್ಚುತ್ತದೆ. ಮೇ ತಿಂಗಳ ಮಳೆಗೆ ಹಿಕ್ಕೆ, ತರಗು ಕಳಿಯುತ್ತವೆ. ಜೂನ್‌ನಲ್ಲಿ ಬದನೆ, ಮೆಣಸಿನ ಸಸಿ ನಾಟಿ, ಹೀರೆ, ಹಾಗಲದ ಬಿತ್ತನೆ. ಹೀರೆ ಮೊದಲ ಕೊಯ್ಲಿಗೆ ಬರುವಷ್ಟರಲ್ಲಿ ಜುಲೈ ಕೊನೆ, ಕೋಳಿ ಹೊರಟು 90 ದಿನ. ಈ 90ರ ಲೆಕ್ಕವನ್ನು ನಾನು ಅಮೆರಿಕದ ಸಾವಯವ ಪ್ರಮಾಣೀಕರಣದ ನಿಯಮದಿಂದ ತೆಗೆದುಕೊಂಡೆ. ಹಸಿ ಗೊಬ್ಬರ ಬಿದ್ದ ನೆಲದಲ್ಲಿ, ಮಣ್ಣಿಗೆ ತಾಗದ ಫಲವನ್ನು ಕೊಯ್ಯಲು 90 ದಿನ ಕಾಯಬೇಕು. ಮಣ್ಣಿಗೆ ತಾಗುವುದಾದರೆ 120 ದಿನ. ಅಂದರೆ ಮೂಲಂಗಿ, ಕ್ಯಾರೆಟ್, ಸೊಪ್ಪುಗಳಿಗೆ 120. ನಮ್ಮ ಹಿತ್ತಲಿಗೆ ಯಾರೂ ತಪಾಸಣೆಗೆ ಬರುವುದಿಲ್ಲ, ನಿಜ. ಆದರೆ ಮಕ್ಕಳು ಮೂಲಂಗಿ ಕಿತ್ತು, ಲಂಗಕ್ಕೆ ಒರೆಸಿ ತಿನ್ನುವ ಮನೆಯಲ್ಲಿ ಈ ಲೆಕ್ಕ ಬೇಕು ಅಲ್ವಾ?

ಮೇಯಿಂದ ಜುಲೈ ತನಕ ಕೋಳಿ ಪಡುವಲ ಮಡಿಯಲ್ಲಿ. ಅಲ್ಲಿ ಬೇಸಿಗೆಯ ಬೆಂಡೆ, ಸೌತೆ ಅಷ್ಟರಲ್ಲಿ ಮುಗಿದಿರುತ್ತವೆ. ಆಗಸ್ಟ್‌ನಲ್ಲಿ ಆ ಮಡಿಗೆ ವಿಶ್ರಾಂತಿ, ಸೆಪ್ಟೆಂಬರ್‌ನಲ್ಲಿ ಕೋಲು ಕಟ್ಟಿ ಬೆಳೆಸುವ ಟೊಮೆಟೊ. ಡಿಸೆಂಬರ್ ಬಂದರೆ ಮೂಲಂಗಿ, ಪಾಲಕ್ ಕೀಳಲು ಭಯವಿಲ್ಲ.

ಆಗಸ್ಟ್‌ನಿಂದ ಜನವರಿ ತನಕ ಕೋಳಿಗಳು ಮರದ ಪಟ್ಟಿಯಲ್ಲಿ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ತರಕಾರಿ ಮಡಿಯಲ್ಲಿ ಕೋಳಿ ಇದ್ದರೆ ಮಣ್ಣು ಕೆಸರಾಗಿ ಹಾಳಾಗುತ್ತದೆ. ಮರಗಳ ಕೆಳಗೆ ತರಗು ಸುರಿದುಕೊಂಡು ಕಾಲ ಕಳೆಯುತ್ತವೆ.

ಚಪ್ಪರದ ಕೆಳಗೆ

ಇಡೀ ಹಿತ್ತಲಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು. ಅತ್ತೆಯದೇ ಯೋಚನೆ.

ಹಿಂದೆ ಚಪ್ಪರ ಮೂಡಲ ಮಡಿಯ ನಡುವೆ ಇತ್ತು. ಅತ್ತೆ ಅದನ್ನು ಗೂಡಿನ ಮುಂದಿನ ಅಂಗಳದ ಮೇಲೆ ಹಾಕಿಸಿದರು. ಹೀರೆ, ಹಾಗಲ, ಪಡವಲದ ಪಾತಿ ಬಲೆಯ ಆಚೆ, ಮೂಡಲ ಮಡಿಯಲ್ಲಿ. ಬಳ್ಳಿ ಮಾತ್ರ ಬಲೆ ಹತ್ತಿ, ಕೋಳಿಯ ತಲೆ ಮೇಲೆ ಆರೂವರೆ ಅಡಿ ಎತ್ತರದಲ್ಲಿ ಹರಡುತ್ತದೆ. ಬೇರು ಕೋಳಿಗೆ ಎಟುಕುವುದಿಲ್ಲ, ಕಾಯಿಯೂ ಎಟುಕುವುದಿಲ್ಲ. ಕೋಳಿಗೆ ನೆರಳಾಯಿತು, ಹದ್ದಿನ ಕಣ್ಣೂ ತಪ್ಪಿತು.

ಅದಕ್ಕಿಂತ ದೊಡ್ಡ ಲಾಭ ಹಣ್ಣು ನೊಣದ ವಿಷಯದಲ್ಲಿ. ಹೀರೆ, ಹಾಗಲ ಬೆಳೆದವರಿಗೆಲ್ಲ ಈ ಕಾಟ ಗೊತ್ತು. ನೊಣ ಎಳೆಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆ ಇಡುತ್ತದೆ. ಒಳಗೆ ಬಿಳಿ ಹುಳ ಆಗುತ್ತದೆ. ಕಾಯಿ ಸೊಟ್ಟಗಾಗಿ, ಹಳದಿಯಾಗಿ ಉದುರುತ್ತದೆ. ಬಲಿತ ಹುಳ ಕಾಯಿಯಿಂದ ಹೊರಬಂದು ಮಣ್ಣಿಗೆ ಇಳಿಯುತ್ತದೆ, ಕೆಲವೇ ಅಂಗುಲ ಕೆಳಗೆ ಕೋಶವಾಗುತ್ತದೆ, ಮತ್ತೆ ನೊಣವಾಗಿ ಮೇಲೆ ಬರುತ್ತದೆ. ಉದುರಿದ ಕಾಯಿ ಅಲ್ಲೇ ಬಿದ್ದಿದ್ದರೆ ಮುಂದಿನ ತಲೆಮಾರು ತಯಾರು.

ಈಗ ಆ ಕಾಯಿ ಉದುರುವುದು ಕೋಳಿಯ ಮುಂದೆ. ಬಿದ್ದ ಸದ್ದಿಗೆ ಓಡಿ ಬರುತ್ತವೆ. ಒಂದು ಕುಕ್ಕುತ್ತದೆ, ಕಾಯಿ ಸೀಳುತ್ತದೆ, ಹುಳ ಚಿಮ್ಮುತ್ತದೆ. ಆ ಹುಳಕ್ಕೆ ಜಿಗಿಯುವ ಗುಣ ಇದೆ, ಕೋಳಿಗೆ ಅದು ಇನ್ನೂ ಆಸೆ. ಐದು ನಿಮಿಷದಲ್ಲಿ ಸಿಪ್ಪೆ ಮಾತ್ರ ಉಳಿಯುತ್ತದೆ. ಮಣ್ಣಿಗೆ ಇಳಿದದ್ದನ್ನೂ ಕೆದರಿ ತೆಗೆಯುತ್ತವೆ. ಮೊದಲು ಹಾಗಲಕಾಯಿಯಲ್ಲಿ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ ಸಿಗುತ್ತಿತ್ತು ಅನ್ನುತ್ತಾಳೆ ಅಕ್ಕ. ಈಗ ಕೆಟ್ಟದ್ದು ಅಪರೂಪ ಎನ್ನುವಂತಿಲ್ಲ, ಆದರೂ ಒಳ್ಳೆಯ ಕಾಯಿಯಿಂದ ಬುಟ್ಟಿ ತುಂಬುತ್ತದೆ. ಪೂರ್ತಿ ನಿಂತಿಲ್ಲ, ನಿಲ್ಲುವುದೂ ಇಲ್ಲ. ಪಕ್ಕದ ತೋಟದಿಂದ ನೊಣ ಹಾರಿ ಬರುತ್ತದೆ. ಅದಕ್ಕೆ ಮೋಹಕ ಬಲೆ, ಅಂದರೆ ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಬಲೆ, ಕಟ್ಟಿದ್ದಾರೆ.

ಬದನೆಯ ಕುಡಿ ಮತ್ತು ಕಾಯಿ ಕೊರೆಯುವ ಹುಳಕ್ಕೂ ಇದೇ ದಾರಿ. ಬಾಡಿದ ಕುಡಿ ಕಂಡ ದಿನವೇ ಅತ್ತೆ ಚಿವುಟಿ ಚಪ್ಪರದ ಕೆಳಗೆ ಎಸೆಯುತ್ತಾರೆ. ತೂತು ಬಿದ್ದ ಕಾಯಿಯನ್ನು ಎರಡು ಹೋಳು ಮಾಡಿ ಎಸೆಯುತ್ತಾರೆ. ಇಡೀ ಕಾಯಿ ಎಸೆದರೆ ಕೋಳಿ ಅಷ್ಟು ಗಮನ ಕೊಡುವುದಿಲ್ಲ. ಸೀಳಿದರೆ ಒಳಗಿನ ಹುಳ ಉಳಿಯುವುದಿಲ್ಲ. ಬದನೆ ಹುಳ ಕೋಶವಾಗುವುದು ಉದುರಿದ ಎಲೆ, ತರಗಿನ ನಡುವೆ. ಫೆಬ್ರವರಿಯಲ್ಲಿ ಕೋಳಿ ಅದೇ ಮಡಿಗೆ ಬರುತ್ತದಲ್ಲ, ಅದೂ ಲೆಕ್ಕಕ್ಕೆ ಬರುತ್ತದೆ.

ಇಷ್ಟೆಲ್ಲ ಮಾಡಬೇಕೆಂದರೆ ಹಿತ್ತಲಲ್ಲಿ ಕೀಟನಾಶಕ ಹೊಡೆಯುವಂತಿಲ್ಲ. ವಿಷ ತಿಂದ ಹುಳವನ್ನು ಕೋಳಿ ತಿನ್ನುತ್ತದೆ, ಆ ಕೋಳಿಯ ಮೊಟ್ಟೆಯನ್ನು ಮಕ್ಕಳು ತಿನ್ನುತ್ತಾರೆ. ಇದರಲ್ಲಿ ರಾಜಿ ಇಲ್ಲ ಅಂತ ಅಕ್ಕ ಖಡಾಖಂಡಿತವಾಗಿ ಹೇಳಿದ್ದಾಳೆ. ಗಿಡದ ಹೇನಿಗೆ ಬೇವಿನ ಎಣ್ಣೆ ಮತ್ತು ಸೋಪಿನ ನೀರು, ಅಷ್ಟೇ.

ನಾರಿನ ಪುಡಿ ಮತ್ತು ಹಿಕ್ಕೆ

ಬೆಳೆದ ಒಂದು ಕೋಳಿ ದಿನಕ್ಕೆ 100 ಗ್ರಾಂ ಮೇಲೆಯೇ ಹಸಿ ಹಿಕ್ಕೆ ಹಾಕುತ್ತದೆ. ಹತ್ತು ಕೋಳಿಗೆ ದಿನಕ್ಕೆ ಒಂದು ಕೆಜಿ. ಅದರಲ್ಲಿ ಒಳ್ಳೆಯ ಪಾಲು ಬೀಳುವುದು ರಾತ್ರಿ, ಗಳದ ಮೇಲೆ ಕೂತಿರುವಾಗ. ಹಾಗಾಗಿ ಗೂಡಿನ ನೆಲದಲ್ಲಿ ಏನು ಹಾಸುತ್ತೇವೆ ಅನ್ನುವುದರ ಮೇಲೆ ಗೊಬ್ಬರ ನಿಂತಿದೆ.

ತಿಪಟೂರು ಕಡೆ ತೆಂಗಿನ ನಾರಿನ ಪುಡಿಗೆ ಬರ ಇಲ್ಲ. ನಾರು ಮಾಡುವ ಕಾರ್ಖಾನೆಗಳ ಪಕ್ಕ ಗುಡ್ಡೆ ಬಿದ್ದಿರುತ್ತದೆ. ಬಹಳ ದಿನ ಮಳೆಗೆ ನೆನೆದು ಕಪ್ಪಾದ ಹಳೆಯ ಪುಡಿ ತಂದು, ಒಣಗಿಸಿ, ಅರ್ಧ ಅಡಿ ಹಾಸುತ್ತಾರೆ. ಅದು ನೀರು ಚೆನ್ನಾಗಿ ಹೀರುತ್ತದೆ. ನಾರಿನ ಪುಡಿ ಒಂದೇ ಇದ್ದರೆ ಕಳಿಯಲು ವರ್ಷಗಳು ಬೇಕು, ಏಕೆಂದರೆ ಅದರಲ್ಲಿ ಇಂಗಾಲ ತುಂಬಾ, ಸಾರಜನಕ ಅತ್ಯಲ್ಪ. ಹಿಕ್ಕೆ ಅದಕ್ಕೆ ತದ್ವಿರುದ್ಧ. ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬೆಳಿಗ್ಗೆ ಭಾವ ಒಂದು ಹಿಡಿ ರಾಗಿ ಹಾಸಿನ ಮೇಲೆ ಎರಚುತ್ತಾರೆ. ಕೋಳಿಗಳು ಅದನ್ನು ಹುಡುಕುತ್ತಾ ಹಾಸನ್ನು ತಾವೇ ತಿರುವಿ ಹಾಕುತ್ತವೆ. ಮೂಗಿಗೆ ಅಮೋನಿಯಾ ಬಡಿದರೆ ಒಣ ಪುಡಿ ಸಾಲದು ಅಂತ ಅರ್ಥ. ಇನ್ನೆರಡು ಮಂಕರಿ ಸುರಿಯಬೇಕು.

ಎರಡು ಮೂರು ತಿಂಗಳಿಗೊಮ್ಮೆ ಹಾಸು ತೆಗೆದು ಗುಡ್ಡೆ ಮಾಡುತ್ತಾರೆ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರಕ್ಕೆ ಕಡಿಮೆ ಇರಬಾರದು. ಸಣ್ಣ ಗುಡ್ಡೆ ಬಿಸಿ ಹಿಡಿಯುವುದಿಲ್ಲ. ಹಸಿ ಕಳೆ, ಬಾಳೆ ಎಲೆ ಪದರ ಪದರವಾಗಿ ಹಾಕಿ ನೀರು ಚಿಮುಕಿಸುತ್ತಾರೆ. ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಾಗಿ ಸುರಿಯಬಾರದು. ಮೇಲೆ ಹೆಣೆದ ತೆಂಗಿನ ಗರಿ ಮುಚ್ಚುತ್ತಾರೆ. ಎರಡು ಮೂರು ದಿನಕ್ಕೆ ಕಬ್ಬಿಣದ ಸರಳು ನಡುವಿಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ಹಿಡಿದರೆ ಕೈಗೆ ತಡೆಯುವುದಿಲ್ಲ. ರೋಗಾಣು ಸಾಯಬೇಕೆಂದರೆ ಗುಡ್ಡೆ 55 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಎರಡು ವಾರ ಹಾಗೇ ಇರಬೇಕು. ನಡುವೆ ನಾಲ್ಕೈದು ಸಲ ಹೊರಗಿನದು ಒಳಗೆ ಬರುವಂತೆ ಮಗುಚಬೇಕು. ಈ ಮಗುಚುವ ಕೆಲಸ ಸುಲಭ ಅಲ್ಲ, ಬೆನ್ನು ನೋಯುತ್ತದೆ. ಆದರೆ ಸುಮ್ನೆ ರಾಶಿ ಹಾಕಿ ಬಿಟ್ಟರೆ ಹೊರಗಿನ ಪದರ ಯಾವತ್ತೂ ಬಿಸಿಯಾಗುವುದಿಲ್ಲ. ಆಮೇಲೆ ಎರಡು ಮೂರು ತಿಂಗಳು ಮುಟ್ಟುವುದಿಲ್ಲ. ಕೊನೆಗೆ ಸಿಗುವುದು ಕಪ್ಪು, ಹುಡಿ ಹುಡಿ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ. ಸೊಪ್ಪಿನ ಪಟ್ಟಿಗೆ ಹೋಗುವುದು ಇದು ಮಾತ್ರ.

ಒಂದು ಎಚ್ಚರಿಕೆ ಇದೆ. ಕೋಳಿ ಗೊಬ್ಬರದಲ್ಲಿ ರಂಜಕ ಜಾಸ್ತಿ. ಸಾರಜನಕ ಬೇಕೆಂದು ವರ್ಷ ವರ್ಷವೂ ಇದನ್ನೇ ಸುರಿದರೆ ರಂಜಕ ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ, ಸತು ಮತ್ತು ಕಬ್ಬಿಣ ಗಿಡಕ್ಕೆ ಸಿಗದಂತಾಗುತ್ತದೆ. ಅವರೆಯನ್ನು ಸರದಿಯಲ್ಲಿ ಇಟ್ಟಿರುವುದು ಅದಕ್ಕೂ ಹೌದು. ಅವರೆ ಗಾಳಿಯ ಸಾರಜನಕ ಹಿಡಿಯುತ್ತದೆ, ರಂಜಕ ಸೇರಿಸುವುದಿಲ್ಲ.

ಮೇವು, ರೋಗ

ಹಿತ್ತಲಿದ್ದರೆ ಮೇವಿನ ಖರ್ಚೇ ಇಲ್ಲ ಅನ್ನುವುದು ಸುಳ್ಳು. ಮೊಟ್ಟೆ ಇಡುವ ಭಾರದ ಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ ಮೇವು ಬೇಕು. ಬಲೆ ಹಾಕಿದ ಹಿತ್ತಲು ಅದರಲ್ಲಿ ಒಂದು ಪಾಲು ಕೊಡಬಹುದು, ಎಲ್ಲವನ್ನೂ ಅಲ್ಲ. ಅಕ್ಕ ರಾಗಿ, ಮುಸುಕಿನಜೋಳದ ನುಚ್ಚು, ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಬೆರೆಸಿ ಹಾಕುತ್ತಾಳೆ. ಸುಣ್ಣಕ್ಕೆ ಮೊಟ್ಟೆ ಚಿಪ್ಪನ್ನು ಹುರಿದು ಪುಡಿ ಮಾಡಿ ಕೊಡುತ್ತಾಳೆ. ಹಿಂಡಿ ಬೂಷ್ಟು ಹಿಡಿದಿದ್ದರೆ ಎಸೆಯಲೇಬೇಕು. ಕಡಲೆಕಾಯಿ, ಜೋಳ, ಕೊಬ್ಬರಿ ಹಿಂಡಿಯ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಕೋಳಿಯ ಈಲಿಗೆ ಕೆಡುಕು. ಗೋಣಿಸೊಪ್ಪು, ಅಣ್ಣೆಸೊಪ್ಪು, ಬಲಿತ ದಂಟು ದಿನಾ ಒಂದು ಹೊರೆ ಬೀಳುತ್ತದೆ. ಮೊಟ್ಟೆಯ ಭಂಡಾರ (ಒಳಗಿನ ಹಳದಿ) ಕಿತ್ತಳೆ ಬಣ್ಣಕ್ಕೆ ಬಂದದ್ದು ಆ ಸೊಪ್ಪಿನಿಂದ. ಬೇಲಿಯಲ್ಲಿದ್ದ ಹರಳು ಗಿಡ ಮಾತ್ರ ಕಿತ್ತು ಹಾಕಿಸಿದೆವು, ಅದರ ಬೀಜ ವಿಷ.

ಕೋಳಿ ಸಾಕುವವರ ನಿದ್ದೆ ಕೆಡಿಸುವುದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಬಂದರೆ ಔಷಧಿ ಇಲ್ಲ, ಲಸಿಕೆಯೊಂದೇ ದಾರಿ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಲಸೋಟಾ ಹನಿ, ಎಂಟು ವಾರದ ಹೊತ್ತಿಗೆ ಆರ್‌ಟುಬಿ ಚುಚ್ಚುಮದ್ದು. ತೊಡಕು ಏನೆಂದರೆ ಲಸಿಕೆಯ ಬಾಟಲಿ ಬರುವುದು ನೂರು ಕೋಳಿಗೋ ಇನ್ನೂರಕ್ಕೋ. ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿವರೆಗೂ ಐಸ್ ಮೇಲೆ ಇರಬೇಕು. ಹತ್ತು ಕೋಳಿಯವರು ಏನು ಮಾಡಬೇಕು? ಅಕ್ಕ ಬೀದಿಯ ಮನೆಗಳನ್ನೆಲ್ಲ ಸೇರಿಸಿದಳು. ಸಂಜೆ ಕೋಳಿ ಗೂಡು ಸೇರಿದ ಮೇಲೆ ಪಶು ಆಸ್ಪತ್ರೆಯವರು ಬಂದರು, ಮನೆ ಮನೆಗೂ ಹೋಗಿ ಹಾಕಿದರು. ನಮ್ಮ ಮನೆಯ ಹತ್ತಕ್ಕೆ ಹಾಕಿಸಿ, ಪಕ್ಕದ ಮನೆಯದಕ್ಕೆ ಹಾಕಿಸದಿದ್ದರೆ ಅರ್ಧ ಕೆಲಸವೇ ಆದದ್ದು. ಈ ಪ್ರಕರಣದಲ್ಲಿ ಬೇರೆಯವರು ನಾಳೆಯೇ ಮಾಡಬಹುದಾದ ಒಂದು ಕೆಲಸ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ.

ಗೂಡಿಗೆ ಹೋಗಲು ಬೇರೆ ಚಪ್ಪಲಿ, ಬಂದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು. ಮಕ್ಕಳಿಗೆ ಇದು ಈಗ ಅಭ್ಯಾಸವಾಗಿದೆ.

ಈಗ ಎಲ್ಲಿದೆ

ಕೋಳಿ ಮಾರುವ ಮಾತು ಆಮೇಲೆ ಬರಲಿಲ್ಲ. ಮನೆಗೆ ಸಾಕಾಗಿ ಉಳಿದ ಮೊಟ್ಟೆಯನ್ನು ಅಕ್ಕ ಬೀದಿಯಲ್ಲೇ ಕೊಡುತ್ತಾಳೆ. ಒಂದು ನಾಟಿ ಹೇಂಟೆ ಸ್ವರ್ಣಧಾರಾ ಮೊಟ್ಟೆಗೆ ಕಾವು ಕೂತು, ಇಪ್ಪತ್ತೊಂದನೇ ದಿನಕ್ಕೆ ಮರಿ ಎಬ್ಬಿಸಿತು. ಬದನೆ, ಮೆಣಸಿಗೆ ಹೊರಗಿನ ಗೊಬ್ಬರ ತರುವುದು ನಿಂತಿದೆ.

ಇನ್ನೂ ಸರಿಹೋಗದ್ದು ಎರಡಿವೆ. ಅಕ್ಟೋಬರ್ ಮಳೆಯಲ್ಲಿ ಮರದ ಪಟ್ಟಿ ಕೆಸರಾಗುತ್ತದೆ, ತರಗು ಎಷ್ಟು ಹಾಕಿದರೂ ಸಾಲುವುದಿಲ್ಲ. ಈ ಹಿತ್ತಲಿಗೆ ಹತ್ತು ಕೋಳಿ ಸ್ವಲ್ಪ ಹೆಚ್ಚೇ ಅಂತ ನನ್ನ ಅನಿಸಿಕೆ. ಆರೋ ಏಳೋ ಇದ್ದರೆ ಹಗುರ. ಭಾವ ಒಪ್ಪುವುದಿಲ್ಲ. ಇನ್ನೊಂದು, ಎರಡು ವರ್ಷ ದಾಟಿದ ಸ್ವರ್ಣಧಾರಾಗಳ ಮೊಟ್ಟೆ ಇಳಿಯುತ್ತಿದೆ. ಅವನ್ನು ಏನು ಮಾಡುವುದು ಅನ್ನುವುದು ತೀರ್ಮಾನವಾಗಿಲ್ಲ. ಭಾವ ಹಬ್ಬದ ಕಡೆ ನೋಡುತ್ತಾರೆ, ಮಕ್ಕಳು ಹೆಸರಿಟ್ಟುಕೊಂಡಿದ್ದಾರೆ. ಅತ್ತೆ ಹೇಳುವುದು, ಮೊಟ್ಟೆ ಇಡದಿದ್ದರೂ ಕೆದರುತ್ತವಲ್ಲ, ಇರಲಿ ಬಿಡು ಅಂತ.

ಈ ಬೇಸಿಗೆಯಲ್ಲಿ ಎರಡೂ ಮಡಿಯ ಮಣ್ಣನ್ನು ಬೇರೆ ಬೇರೆಯಾಗಿ ತೆಗೆದು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಪರೀಕ್ಷೆಗೆ ಕೊಡುವುದೆಂದು ಮಾತಾಗಿದೆ. ಮೂಡಲ ಮಡಿಯಲ್ಲಿ ರಂಜಕ ಏರಿದ್ದರೆ, ಮುಂದಿನ ಫೆಬ್ರವರಿಯಲ್ಲಿ ಕೋಳಿಯನ್ನು ಅಲ್ಲಿ ಒಂದೇ ತಿಂಗಳು ಬಿಟ್ಟು, ಉಳಿದ ಎರಡು ತಿಂಗಳು ತೆಂಗಿನ ಬುಡಕ್ಕೆ ಕಳಿಸುತ್ತಾರೆ.